ಸ್ಕಸಿ
ಸ್ಕಸಿ ಎಂಬುದು ಹಾರ್ಡ್ ಡಿಸ್ಕ್, ಸ್ಕ್ಯಾನರ್, ಟೇಪ್ ಡ್ರೈವ್ ಮುಂತಾದ ಸಾಧನಗಳನ್ನು ಗಣಕಯಂತ್ರಕ್ಕೆ ಜೋಡಿಸುವ ಒಂದು ಹಳೆಯ ಮಾನಕ. ‘ಸ್ಮಾಲ್ ಕಂಪ್ಯೂಟರ್ ಸಿಸ್ಟಮ್ ಇಂಟರ್‌ಫೇಸ್’ ಎಂಬ ಹೆಸರಿನ ಸಂಕ್ಷಿಪ್ತ ರೂಪವಿದು. ಶುಗಾರ್ಟ್ ಅಸೋಸಿಯೇಟ್ಸ್ ಸಂಸ್ಥೆಯ ಸಾಸಿ ಎಂಬ ವ್ಯವಸ್ಥೆಯಿಂದ ಬೆಳೆದ ಇದು 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಬಂದ ಆಪಲ್ ಮ್ಯಾಕಿಂತೋಷ್ ಪ್ಲಸ್ ಗಣಕದಲ್ಲಿ ಇದರ ಪೋರ್ಟ್ ಇತ್ತು.

ಸಾಧನಗಳನ್ನು ಮಾಲೆಯಂತೆ ಒಂದರಿಂದ ಇನ್ನೊಂದಕ್ಕೆ ಪೋಣಿಸುವುದು ಇದರ ಕ್ರಮ. ಮೊದಲ ಆವೃತ್ತಿಯಲ್ಲಿ ನಿಯಂತ್ರಕವೂ ಸೇರಿ 8 ಸಾಧನಗಳಿಗೆ ಅವಕಾಶ. ಪ್ರತಿಯೊಂದಕ್ಕೂ ಸೊನ್ನೆಯಿಂದ 7ರವರೆಗಿನ ಬೇರೆ ಬೇರೆ ಗುರುತುಸಂಖ್ಯೆ ಕೊಡಬೇಕು. ಎರಡಕ್ಕೆ ಒಂದೇ ಸಂಖ್ಯೆಯಿದ್ದರೆ, ಒಂದೇ ಹಾಜರಿ ಸಂಖ್ಯೆಗೆ ಇಬ್ಬರು ವಿದ್ಯಾರ್ಥಿಗಳು ಓಗೊಟ್ಟಂತಾಗುತ್ತದೆ. ಹಲವು ಸಾಧನಗಳು ಏಕಕಾಲಕ್ಕೆ ಮಾರ್ಗವನ್ನು ಕೇಳಿದಾಗ ದೊಡ್ಡ ಸಂಖ್ಯೆಯದಕ್ಕೆ ಆದ್ಯತೆ. ಆದ್ದರಿಂದ ನಿಯಂತ್ರಕಕ್ಕೆ ಸಾಮಾನ್ಯವಾಗಿ 7ನ್ನೇ ಮೀಸಲಿಡುತ್ತಿದ್ದರು.

ಹೆಚ್ಚು ತೊಂದರೆ ಕೊಡುತ್ತಿದ್ದುದು ಟರ್ಮಿನೇಟರ್. ಸರಪಣಿಯ ಎರಡೂ ತುದಿಗಳಲ್ಲಿ, ತುದಿಗಳಲ್ಲಿ ಮಾತ್ರ, ಇದನ್ನು ಅಳವಡಿಸಬೇಕು. ಇಲ್ಲವಾದರೆ ವಿದ್ಯುತ್ ಸಂಕೇತವು ತಂತಿಯ ಕೊನೆಯಿಂದ ಪ್ರತಿಧ್ವನಿಯಂತೆ ಹಿಂದಿರುಗಿ ಮುಂದಿನ ಸಂಕೇತವನ್ನು ಕಲಕುತ್ತದೆ. ದುರ್ದೈವವೆಂದರೆ ದೋಷವಿದ್ದ ಜೋಡಣೆಯೂ ಕೆಲವೊಮ್ಮೆ ಸರಿಯಾಗಿಯೇ ನಡೆಯುತ್ತಿತ್ತು. ಕಡತ ಕೆಟ್ಟ ಮೇಲಷ್ಟೇ ತಪ್ಪು ತಿಳಿಯುತ್ತಿತ್ತು. ಹಳೆಯ ಡಿಸ್ಕಿನಿಂದ ದತ್ತಾಂಶವನ್ನು ಹೊರತೆಗೆಯುವವರು ಮೊದಲು ಎಲ್ಲ ಸಾಧನಗಳ ವಿದ್ಯುತ್ತನ್ನು ನಿಲ್ಲಿಸಿ, ಗುರುತುಸಂಖ್ಯೆ ಹಾಗೂ ಟರ್ಮಿನೇಟರುಗಳನ್ನು ಪರಿಶೀಲಿಸಿ, ಬಳಿಕ ಬಾಹ್ಯ ಸಾಧನಗಳನ್ನೂ ಕೊನೆಗೆ ಗಣಕವನ್ನೂ ಚಾಲೂ ಮಾಡಬೇಕು.

ಯುಎಸ್‌ಬಿ ಬಂದ ಮೇಲೆ ಈ ದಪ್ಪ ಕೇಬಲ್ಲುಗಳು ಮನೆಬಳಕೆಯಿಂದ ಮರೆಯಾದವು. ಆದರೂ ಪೆನ್ ಡ್ರೈವ್‌ಗಳು ಒಳಗೊಳಗೆ ಇಂದಿಗೂ ಸ್ಕಸಿ ಆದೇಶಗಳನ್ನೇ ಪಾಲಿಸುತ್ತವೆ.