ಕಮಲಾಪುರದಲ್ಲಿ ಸಿಕ್ಕ ಕಡಲಿನ ಕೊಳವೆ

ಕಮಲಾಪುರಕ್ಕೆ ಹೋದದ್ದು ಕೆಂಬಾಳೆ ನೋಡಲು. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ರಸ್ತೆ ಬದಿಯಲ್ಲೇ ಗೊನೆ ತೂಗುಹಾಕಿ ಮಾರುವ ಆ ಊರಿನ ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ತೋಟ ಸುತ್ತಿ ಬಂದು ಮನೆಯ ಪಡಸಾಲೆಯಲ್ಲಿ ಕೂತಾಗ ಗೋಡೆಯ ಗೂಡಿನಲ್ಲಿ ಒಂದು ವಸ್ತು ಕಣ್ಣಿಗೆ ಬಿತ್ತು. ಕಲ್ಲಲ್ಲ, ಕಬ್ಬಿಣವೂ ಅಲ್ಲ. ಒಂದು ಪಕ್ಕ ಉಕ್ಕಿನ ಹೊಳಪು, ಇನ್ನೊಂದು ಪಕ್ಕ ಇಟ್ಟಿಗೆ ಬಣ್ಣದ ಗಾರೆ. ಅಂಗೈಯಗಲದ ಆ ತುಂಡನ್ನು ಎತ್ತಲು ಹೋದರೆ ಮಣಿಕಟ್ಟು ಬಾಗಿತು.

‘ಅದು ಸಮುದ್ರದ ಪೈಪ್ ರೀ’ ಎಂದರು ಮನೆಯ ಹಿರಿಯರು. ‘ಗ್ಯಾಸಿನ ಪೈಪ್. ಬಾಂಬೆ ಹೈದಾಗ ಹಾಕೋದು.’

ಕಡಲಿನಿಂದ ನೂರಾರು ಕಿಲೋಮೀಟರ್ ದೂರದ, ಕೆಮ್ಮಣ್ಣು–ಕರಿಮಣ್ಣು ಸೇರುವ ಈ ನೆಲದಲ್ಲಿ ಕಡಲ ತಳದ ಕೊಳವೆಯ ತುಂಡು! ಬಾಳೆಯ ಮಾತು ಅಲ್ಲಿಗೇ ನಿಂತಿತು. ಬರಗಾಲದಲ್ಲಿ ಈ ಭಾಗದ ಜನ ದುಡಿಯಲು ರೈಲು ಹತ್ತಿ ಮುಂಬೈಗೆ ಹೋಗುವುದು ಹೊಸತಲ್ಲ. ನಾನು ಕಾಕಾ ಎಂದು ಕರೆದ ಆ ಹಿರಿಯರೂ ಹಾಗೇ ಹೋದವರು. ಕಟ್ಟಡ ಕೆಲಸಕ್ಕೆಂದು ಹೋಗಿ, ವೆಲ್ಡರನ ಕೈಕೆಳಗೆ ಸೇರಿ, ಕೊನೆಗೆ ಸಮುದ್ರದಲ್ಲಿ ಕೊಳವೆ ಹಾಸುವ ಬಾರ್ಜ್ ಏರಿದರು. ಮಳೆಗಾಲ ಮುಗಿದ ಮೇಲೆ ಹೋಗಿ ಮುಂದಿನ ಮಳೆಗಾಲದ ಮೊದಲು ದಡಕ್ಕೆ ಬರುವ ಸೀಸನ್ ಕೆಲಸ. ‘ಮಳಿಗಾಲದಾಗ ಸಮುದ್ರ ಯಾರ ಮಾತೂ ಕೇಳಂಗಿಲ್ರಿ’ ಎಂದರು.

ತುಂಡನ್ನು ಬಿಸಿಲಿಗೆ ಹಿಡಿದು ಪದರಗಳನ್ನು ಒಂದೊಂದಾಗಿ ತೋರಿಸಿದರು. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಉಕ್ಕು. ಅದರ ಮೇಲೆ ತುಕ್ಕು ತಡೆಯುವ ಡಾಂಬರಿನಂಥ ಕಪ್ಪು ಲೇಪ. ಹೊರಗೆ ಉಕ್ಕಿಗಿಂತಲೂ ದಪ್ಪವಾದ ಕಾಂಕ್ರೀಟ್, ಅದರ ನಡುವೆ ಕತ್ತರಿಸಿದ ತಂತಿ ಜಾಲರಿಯ ಚುಕ್ಕೆಗಳು. ಕಾಂಕ್ರೀಟ್ ಇರುವುದು ಏಟು ತಡೆಯಲು ಮಾತ್ರ ಎಂದುಕೊಂಡಿದ್ದೆ. ಕಾಕಾ ತಲೆ ಅಲ್ಲಾಡಿಸಿದರು. ‘ಗ್ಯಾಸ್ ಹಗುರ ಅದ. ಬರೀ ಉಕ್ಕಿನ ಪೈಪ್ ಬಿಟ್ರ ತೇಲ್ತದ. ಇದು ಅದನ್ನ ತಳದಾಗ ಕೂಡಸ್ತದ.’ ಲೆಕ್ಕ ಹಾಕಿ ನೋಡಿದೆ. 36 ಇಂಚು ವ್ಯಾಸದ, ಒಂದು ಇಂಚು ದಪ್ಪದ ಉಕ್ಕಿನ ಕೊಳವೆ ಮೀಟರಿಗೆ ಐನೂರೈವತ್ತು ಕಿಲೋ ಆಸುಪಾಸು ತೂಗುತ್ತದೆ. ಅದು ಪಕ್ಕಕ್ಕೆ ತಳ್ಳುವ ಸಮುದ್ರದ ನೀರು ಆರುನೂರೈವತ್ತು ಕಿಲೋ ದಾಟುತ್ತದೆ. ತೇಲದೆ ವಿಧಿಯಿಲ್ಲ. ಅದಕ್ಕಾಗಿಯೇ ಕಾಂಕ್ರೀಟಿಗೆ ಕಬ್ಬಿಣದ ಅದಿರು ಬೆರೆಸಿ ಇನ್ನಷ್ಟು ಭಾರ ಮಾಡುತ್ತಾರೆ. ಇಟ್ಟಿಗೆ ಬಣ್ಣ ಅಲ್ಲಿಂದ ಬಂದದ್ದು.

ನನ್ನನ್ನು ಇಂದಿಗೂ ಬಿಡದೆ ಕಾಡುತ್ತಿರುವುದು ಇನ್ನೊಂದು ಸಂಗತಿ. ಉಪ್ಪುನೀರಿನಲ್ಲಿ ಮುಳುಗಿದ ಉಕ್ಕು ಹತ್ತಾರು ವರ್ಷ ಉಳಿಯುವುದು ಹೇಗೆ? ಲೇಪ ಎಲ್ಲೋ ಒಂದು ಕಡೆ ಗೀರಿದರೂ ಸಾಕು, ತುಕ್ಕು ಒಳನುಗ್ಗುತ್ತದೆ. ಕಾಕಾ ಎರಡೂ ಕೈ ಸೇರಿಸಿ ಬಳೆಯ ಆಕಾರ ತೋರಿಸಿದರು. ಕೊಳವೆಯ ಉದ್ದಕ್ಕೂ ಅಲ್ಲಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ದಪ್ಪ ಬಳೆ ತೊಡಿಸಿ, ತಂತಿಯಿಂದ ಉಕ್ಕಿಗೆ ಬೆಸೆಯುತ್ತಾರೆ. ಆನೋಡ್ ಎಂದು ಅದಕ್ಕೆ ಹೆಸರು. ಉಪ್ಪುನೀರಿನಲ್ಲಿ ಎರಡು ಲೋಹ ಒಂದಕ್ಕೊಂದು ತಾಗಿಕೊಂಡಿದ್ದರೆ ಹೆಚ್ಚು ಚುರುಕಾದದ್ದು ಮೊದಲು ಕರಗುತ್ತದೆ. ಕರಗುತ್ತಾ ತನ್ನ ಎಲೆಕ್ಟ್ರಾನ್‌ಗಳನ್ನು ಉಕ್ಕಿಗೆ ಹರಿಸುತ್ತದೆ. ಅವು ಸಿಗುತ್ತಿರುವವರೆಗೂ ಉಕ್ಕಿಗೆ ತುಕ್ಕು ಹಿಡಿಯುವುದಿಲ್ಲ. ಬರೀ ಅಲ್ಯೂಮಿನಿಯಂ ಹಾಕಿದರೆ ಅದರ ಮೈಮೇಲೆ ಗಟ್ಟಿ ಪೊರೆ ಕಟ್ಟಿ ಕೆಲಸ ನಿಂತುಬಿಡುತ್ತದೆ. ಆ ಪೊರೆ ಒಡೆಯಲೆಂದೇ ಸತು ಮತ್ತು ಚಿಟಿಕೆಯಷ್ಟು ಇಂಡಿಯಂ ಸೇರಿಸುತ್ತಾರೆ. ಕೊಳವೆಯ ಆಯುಷ್ಯ ಇಪ್ಪತ್ತೈದು–ಮೂವತ್ತು ವರ್ಷ ಎಂದು ಲೆಕ್ಕ ಹಾಕಿ, ಅಷ್ಟು ಕಾಲ ಕರಗುವಷ್ಟು ತೂಕದ ಬಳೆ ತೊಡಿಸಿ ನೀರಿಗಿಳಿಸುತ್ತಾರೆ. ಆಮೇಲೆ ಮುಳುಗುಗಾರರೋ ಯಂತ್ರಗಳೋ ಹೋಗಿ, ಬಳೆ ಎಷ್ಟು ಸವೆದಿದೆ ಎಂದು ನೋಡಿಕೊಂಡು ಬರಬೇಕು. ‘ಅದು ತಾ ಸವದು ಪೈಪ್ ಉಳಸ್ತದ’ ಎಂದರು ಕಾಕಾ. ಕಡಲ ತಳದ ಕತ್ತಲಲ್ಲಿ ದಿನಕ್ಕಿಷ್ಟು ಗ್ರಾಂನಂತೆ ಕರಗುವ ಆ ಬಳೆಗಳ ಮೇಲೆ ಎಷ್ಟು ಕಾರ್ಖಾನೆ, ಎಷ್ಟು ಒಲೆಗಳು ನಿಂತಿವೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಮುಂಬೈಗೆ ಪಶ್ಚಿಮದಲ್ಲಿ ಸುಮಾರು 160 ಕಿ.ಮೀ. ದೂರದ ಬಾಂಬೆ ಹೈನಲ್ಲಿ ಸಾಗರ ಸಾಮ್ರಾಟ್ ಎಂಬ ಕೊರೆಯುವ ರಿಗ್ 1974ರಲ್ಲಿ ತೈಲ ಕಂಡದ್ದು, 1976ರಲ್ಲಿ ಉತ್ಪಾದನೆ ಶುರುವಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಲ್ಲಿಂದ ಮಹಾರಾಷ್ಟ್ರದ ಉರಣಕ್ಕೆ, ದಕ್ಷಿಣ ಬಸ್ಸೀನ್ ಕ್ಷೇತ್ರದಿಂದ ಗುಜರಾತಿನ ಹಜೀರಾಕ್ಕೆ ಕಡಲ ತಳದಲ್ಲೇ ಕೊಳವೆಗಳು ಬಂದವು. ಉರಣದಲ್ಲಿ, ಹಜೀರಾದಲ್ಲಿ ಆ ಅನಿಲದಿಂದ ಎಲ್‌ಪಿಜಿ ಬೇರ್ಪಡಿಸುತ್ತಾರೆ. ಕಡಲಿನ ಕೊಳವೆಗೂ ನಮ್ಮ ಅಡುಗೆಮನೆಯ ಸಿಲಿಂಡರಿಗೂ ನಂಟು ಬೆಳೆದದ್ದು ಹೀಗೆ. ಕಡಲಿನ ಈ ಸೊತ್ತಿಗೆ ಕಾವಲೂ ಬೇಕಾಯಿತು. 1978ರ ಕರಾವಳಿ ರಕ್ಷಣಾ ಪಡೆ ಕಾಯ್ದೆ ಆ ಪಡೆಗೆ ವಹಿಸಿದ ಹೊಣೆಗಳಲ್ಲಿ ಸಮುದ್ರದ ಕೃತಕ ದ್ವೀಪ, ಕಡಲಾಚೆಯ ಟರ್ಮಿನಲ್‌ಗಳ ಕಾವಲೂ ಒಂದು.

ಕಡಲಿನ ಕೊಳವೆ ಒಡೆದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ 2005ರ ಜುಲೈ 27ರಂದು ಕಂಡಿದೆ. ಹಿಂದಿನ ದಿನವಷ್ಟೇ ಮುಂಬೈಯ ಸಾಂತಾಕ್ರೂಝ್‌ನಲ್ಲಿ 944 ಮಿ.ಮೀ. ಮಳೆ ಸುರಿದಿತ್ತು. ಕಾಕಾ ಆಗ ಮುಂಬೈಯ ಖೋಲಿಯಲ್ಲಿ ಮೊಣಕಾಲುದ್ದ ನೀರಿನಲ್ಲಿದ್ದರು. ಅತ್ತ ಕಡಲಿನಲ್ಲಿ ಸಮುದ್ರ ಸುರಕ್ಷಾ ಎಂಬ ಸಹಾಯಕ ಹಡಗು, ಬೆರಳಿಗೆ ಗಾಯವಾಗಿದ್ದ ಅಡುಗೆಯವನೊಬ್ಬನನ್ನು ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ದಾಟಿಸಲು ಹತ್ತಿರ ಬಂತು. ಅಲೆಯ ಹೊಡೆತಕ್ಕೆ ಓಲಾಡಿ, ಅದರ ಹೆಲಿಪ್ಯಾಡ್ ಪ್ಲಾಟ್‌ಫಾರ್ಮಿನ ರೈಸರ್‌ಗೆ ಬಡಿಯಿತು. ತಳದ ಕೊಳವೆ ನೀರಿನಿಂದ ಮೇಲೆದ್ದು ಪ್ಲಾಟ್‌ಫಾರ್ಮ್ ಸೇರುವ ನೆಟ್ಟನೆಯ ಭಾಗವೇ ರೈಸರ್. ಕಡಲಿನ ಕೊಳವೆಗೆ ತಳದಲ್ಲಿ ಕಾಂಕ್ರೀಟಿನ ಕವಚವಿದೆ, ಮೇಲೆ ನೀರಿನ ಹೊದಿಕೆಯಿದೆ. ಅದು ಬಯಲಿಗೆ ಬೀಳುವುದು ಇಲ್ಲಿ ಮಾತ್ರ. ಅನಿಲ ಚಿಮ್ಮಿತು, ಬೆಂಕಿ ಹತ್ತಿತು. ಎರಡೇ ತಾಸಿನಲ್ಲಿ ಪ್ಲಾಟ್‌ಫಾರ್ಮ್ ಕುಸಿದು ಕಡಲಿನ ಪಾಲಾಯಿತು. ಉರಿದ ಹಡಗು ಕೆಲವು ದಿನಗಳ ಮೇಲೆ ಮುಳುಗಿತು. 384 ಜನರಲ್ಲಿ 362 ಮಂದಿಯನ್ನು ಉಳಿಸಲಾಯಿತು. ಸತ್ತವರು, ಕಾಣೆಯಾದವರು ಸೇರಿ 22. ‘ನಮ್ಮ ಜೋಡಿ ಊಟ ಮಾಡಿದವ್ರು ಅದ್ರಾಗ ಇದ್ದರು’ ಎಂದಷ್ಟೇ ಹೇಳಿ ಕಾಕಾ ಮಾತು ಬದಲಿಸಿದರು. ವಿಧ್ವಂಸಕರಿಲ್ಲ, ಬಾಂಬಿಲ್ಲ, ಯುದ್ಧವಿಲ್ಲ. ಒಂದು ಹಡಗು, ಒಂದು ಅಲೆ, ಕವಚವಿಲ್ಲದ ಒಂದು ಕೊಳವೆ.

ಜಗತ್ತು ಈ ವಿಷಯಕ್ಕೆ ಎಚ್ಚೆತ್ತದ್ದು ಮಾತ್ರ 2022ರ ಸೆಪ್ಟೆಂಬರ್ 26ರಂದು. ರಷ್ಯಾದಿಂದ ಜರ್ಮನಿಗೆ ಬಾಲ್ಟಿಕ್ ಸಮುದ್ರದ ತಳದಲ್ಲಿ 1,200 ಕಿ.ಮೀ.ಗೂ ಹೆಚ್ಚು ಉದ್ದ ಹಾಸಿದ್ದ ನಾರ್ಡ್ ಸ್ಟ್ರೀಮ್ ಕೊಳವೆಗಳು ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದ ಬಳಿ ಸ್ಫೋಟಗೊಂಡವು. ನಾಲ್ಕು ಸಾಲುಗಳಲ್ಲಿ ಮೂರು ಒಡೆದವು. ಸ್ಫೋಟದ ಕಂಪನ ಭೂಕಂಪಮಾಪಕಗಳಲ್ಲಿ ದಾಖಲಾಯಿತು. ಕಡಲಿನ ಮೇಲೆ ಮೀಥೇನ್ ದಿನಗಟ್ಟಲೆ ಕುದಿಯಿತು. ಮರುವರ್ಷದ ಅಕ್ಟೋಬರ್ 8ರಂದು ಫಿನ್ಲೆಂಡ್–ಎಸ್ಟೋನಿಯಾ ನಡುವಿನ 77 ಕಿ.ಮೀ. ಬಾಲ್ಟಿಕ್‌ಕನೆಕ್ಟರ್ ಕೊಳವೆಯನ್ನು ನ್ಯೂನ್ಯೂ ಪೋಲಾರ್ ಬೇರ್ ಎಂಬ ಸರಕು ಹಡಗು ಎಳೆದುಕೊಂಡು ಹೋದ ಲಂಗರು ಹರಿಯಿತು. ಅದು ಮತ್ತೆ ಶುರುವಾದದ್ದು 2024ರ ಏಪ್ರಿಲ್‌ನಲ್ಲಿ. ಹರಿಯಲು ಕ್ಷಣ ಸಾಕಾಗಿತ್ತು, ಹೊಲಿಯಲು ಆರು ತಿಂಗಳು ಬೇಕಾಯಿತು.

ಬಾಲ್ಟಿಕ್ ಎಲ್ಲಿ, ಕಮಲಾಪುರ ಎಲ್ಲಿ ಎನ್ನಬಹುದು. ರಷ್ಯಾದ ಗ್ಯಾಜ್‌ಪ್ರೋಮ್‌ನ ಸಿಂಗಪುರ ಘಟಕದೊಂದಿಗೆ ನಮ್ಮ ಸರಕಾರಿ ಅನಿಲ ಸಂಸ್ಥೆ ಗೇಲ್ 2012ರಲ್ಲಿ ದ್ರವೀಕೃತ ನೈಸರ್ಗಿಕ ಅನಿಲಕ್ಕಾಗಿ (ಎಲ್‌ಎನ್‌ಜಿ) ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. 2018ರಿಂದ ಹಡಗುಗಳು ಬರುತ್ತಿದ್ದವು. 2022ರ ಏಪ್ರಿಲ್‌ನಲ್ಲಿ ಆ ಘಟಕದ ಮಾತೃಸಂಸ್ಥೆಯನ್ನು ಜರ್ಮನಿ ಸರಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಯುರೋಪಿಗೆ ಅನಿಲದ ಬರ ಬಂದಿದ್ದಾಗಲೇ ನಮ್ಮ ಪಾಲಿನ ಹಡಗುಗಳು ಬಾರದಾದವು. ಗೇಲ್ ತನ್ನ ಗ್ರಾಹಕರ ಪೂರೈಕೆಗೆ ಕತ್ತರಿ ಹಾಕಿತು, ರಸಗೊಬ್ಬರ ಕಾರ್ಖಾನೆಗಳೂ ಅದರಲ್ಲಿದ್ದವು. ಈ ಕುರಿತ ವ್ಯಾಜ್ಯ 28.5 ಕೋಟಿ ಡಾಲರ್ ಪರಿಹಾರದೊಂದಿಗೆ ಮುಗಿದದ್ದು 2025ರ ಜನವರಿಯಲ್ಲಿ. ಯೂರಿಯಾ ಆಗುವುದು ನೈಸರ್ಗಿಕ ಅನಿಲದಿಂದ. ಈ ಸೀಮೆಯ ತೊಗರಿ ಗಾಳಿಯಿಂದಲೇ ಸಾರಜನಕ ಹಿಡಿದುಕೊಳ್ಳುವ ಬೆಳೆ, ಹೇಗೋ ತಾಳಿಕೊಂಡೀತು. ಬಾಳೆಗೆ ಆ ಭಾಗ್ಯವಿಲ್ಲ. ಗೊಬ್ಬರದ ಅಂಗಡಿ ಮುಂದೆ ಸಾಲಲ್ಲಿ ನಿಲ್ಲುವ ಕಮಲಾಪುರದ ರೈತನಿಗೆ ಅನಿಲದ ಭದ್ರತೆ ಪರದೇಶದ ಸುದ್ದಿಯಲ್ಲ.

ನಮ್ಮ ರಾಜ್ಯಕ್ಕೂ ಕೊಳವೆಗಳು ಒಂದೊಂದಾಗಿ ಬಂದಿವೆ. ದಾಭೋಳ್–ಬೆಂಗಳೂರು ಮಾರ್ಗ 2013ರಲ್ಲಿ ಬಂತು. ಕೊಚ್ಚಿ–ಮಂಗಳೂರು ನಡುವಿನ 450 ಕಿ.ಮೀ. ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಕೊಳವೆ ದಾಟಿಸುವುದು ಅದರ ಕೊನೆಯ ದೊಡ್ಡ ತೊಡಕಾಗಿತ್ತು. ಕಲಬುರಗಿಗೆ ಹತ್ತಿರದ್ದು ಮಾತ್ರ ಪೂರ್ವ–ಪಶ್ಚಿಮ ಕೊಳವೆಮಾರ್ಗ. ಬಂಗಾಳ ಕೊಲ್ಲಿಯ ಕೆಜಿ–ಡಿ6 ಕ್ಷೇತ್ರದ ಅನಿಲ ಕಾಕಿನಾಡ ಬಳಿಯ ಗಾಡಿಮೊಗದಲ್ಲಿ ದಡ ಮುಟ್ಟಿ, ಸುಮಾರು 1,400 ಕಿ.ಮೀ. ಉದ್ದದ 48 ಇಂಚಿನ ಕೊಳವೆಯಲ್ಲಿ ಗುಜರಾತಿನವರೆಗೆ ಹೋಗುತ್ತದೆ. ದಾರಿಯಲ್ಲಿ ಬೀದರ್ ಸೀಮೆಯ ನೆಲದಡಿ ಹಾದುಹೋಗುತ್ತದೆ. 2009ರಲ್ಲಿ ಅದು ಶುರುವಾದಾಗ ದೇಶದ ಅನಿಲದ ಬರ ತೀರಿತೆಂದು ಹೇಳಿದವರಿದ್ದರು. ಕೆಲವೇ ವರ್ಷಗಳಲ್ಲಿ ಇಳುವರಿ ಕುಸಿದು, ಮೊದಲ ಬಾವಿಗಳು 2020ರ ಫೆಬ್ರವರಿಯಲ್ಲಿ ಬಂದ್ ಆದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ಕ್ಷೇತ್ರದಲ್ಲೇ ಎರಡು ಸಾವಿರ ಮೀಟರಿಗೂ ಹೆಚ್ಚು ಆಳದ ಆರ್–ಕ್ಲಸ್ಟರ್ ಬಾವಿಗಳು ಶುರುವಾದ ಮೇಲೆ ಕೊಳವೆಗೆ ಮತ್ತೆ ಜೀವ ಬಂತು. ಹಾಗಾಗಿ ಕೊಳವೆ ಗಟ್ಟಿಯಾಗಿದೆ ಎಂಬ ಭರವಸೆಯನ್ನಷ್ಟೇ ನಾನು ನಂಬಲಾರೆ. ಅದು ಒಡೆಯದೆಯೂ ಬರಿದಾಗಬಹುದು.

ಕಲಬುರಗಿ–ವಿಜಯಪುರ ಜಿಲ್ಲೆಗಳಿಗೂ ಈಗ ನಗರ ಅನಿಲ ವಿತರಣೆಯ ಪರವಾನಗಿ ಕೊಡಲಾಗಿದೆ. ದೇಶದ ಇಂಧನ ಬಳಕೆಯಲ್ಲಿ ಸುಮಾರು ಶೇ 6ರಷ್ಟಿರುವ ನೈಸರ್ಗಿಕ ಅನಿಲದ ಪಾಲನ್ನು 2030ಕ್ಕೆ ಶೇ 15ಕ್ಕೆ ಏರಿಸುವುದು ಸರಕಾರದ ಗುರಿ. ಬಳಸುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಈಗಲೇ ಹೊರಗಿನಿಂದ ಬರುತ್ತಿದೆ. ಇದನ್ನೆಲ್ಲ ಹೇಳಿದಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: ‘ಹಗೇವು ಎಲ್ಲದರಿ?’

ಈ ಸೀಮೆಯ ಹಳೆಯ ಊರುಗಳಲ್ಲಿ ನೆಲ ತೋಡಿ, ಸುತ್ತ ಜೋಳದ ಕಣಿಕಿ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು–ಮಣ್ಣು ಮುಚ್ಚುತ್ತಿದ್ದ ಹಗೇವುಗಳಿದ್ದವು. ಮಳೆ ಕೈಕೊಟ್ಟ ವರ್ಷ ಅವು ಊರನ್ನು ಉಳಿಸುತ್ತಿದ್ದವು. ಕಚ್ಚಾ ತೈಲಕ್ಕೆ ದೇಶ ಅಂಥ ಹಗೇವು ತೋಡಿದೆ. ವಿಶಾಖಪಟ್ಟಣದಲ್ಲಿ ಒಂದು, ಉಳಿದ ಎರಡೂ ನಮ್ಮ ಕರಾವಳಿಯಲ್ಲಿ: ಮಂಗಳೂರಿನ ಬಂಡೆಯ ಒಡಲಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಎಲ್‌ಪಿಜಿಗೂ ಮಂಗಳೂರಿನಲ್ಲಿ 80,000 ಟನ್ನಿನ ನೆಲಮಾಳಿಗೆ ಬಂದಿದೆ. ನೈಸರ್ಗಿಕ ಅನಿಲಕ್ಕೆ ಮಾತ್ರ ಇಂಥದ್ದೊಂದು ಇಲ್ಲ. ಕೊಳವೆಯೊಳಗೆ ಇದ್ದದ್ದು, ಬಂದರಿನ ಟ್ಯಾಂಕುಗಳಲ್ಲಿ ಇದ್ದದ್ದು, ಅಷ್ಟೇ ನಮ್ಮ ದಾಸ್ತಾನು.

ನಾರ್ಡ್ ಸ್ಟ್ರೀಮ್ ಒಡೆದ ಚಳಿಗಾಲವನ್ನು ಯುರೋಪ್ ದಾಟಿದ್ದು ಬರೀ ಹಣಬಲದಿಂದಲ್ಲ. ಬರಿದಾದ ಅನಿಲ ಕ್ಷೇತ್ರಗಳನ್ನೂ ಉಪ್ಪಿನ ಗುಹೆಗಳನ್ನೂ ಅವರು ದಶಕಗಳಿಂದ ಸಂಗ್ರಹಾಗಾರ ಮಾಡಿಕೊಂಡಿದ್ದಾರೆ. ಆ ವರ್ಷ ನವೆಂಬರ್ 1ರೊಳಗೆ ಶೇ 80ರಷ್ಟು ತುಂಬಿರಲೇಬೇಕು ಎಂದು ಯುರೋಪ್ ಒಕ್ಕೂಟ ನಿಯಮ ಮಾಡಿತು. ಗಡುವಿಗೆ ಮೊದಲೇ ತುಂಬಿಸಿತು. ಜತೆಗೆ ಜನ, ಕಾರ್ಖಾನೆಗಳು ಬಳಕೆ ತಗ್ಗಿಸಿದವು. ನಮ್ಮಲ್ಲೂ ಬರಿದಾದ ಕ್ಷೇತ್ರಗಳಿವೆ, ಅವನ್ನು ತಲುಪುವ ಕೊಳವೆಗಳಿವೆ, ದಶಕಗಳ ಅನುಭವವುಳ್ಳ ಎಂಜಿನಿಯರುಗಳಿದ್ದಾರೆ. ಅಗ್ಗದ ಕಾಲದಲ್ಲಿ ಅನಿಲ ಕೊಂಡು ನೆಲದಡಿ ತುಂಬಿಡುವುದಕ್ಕೆ ಹಣ ಬೇಕು, ನಿಜ. ಅದರ ಬೆಲೆಯನ್ನು ಲಾಭ–ನಷ್ಟದ ಪಟ್ಟಿಯಲ್ಲಿ ಹುಡುಕುವುದು ತಪ್ಪು. ಬರಗಾಲ ಬಾರದ ವರ್ಷ ಹಗೇವು ದಂಡವಾಯಿತೆಂದು ನಮ್ಮ ಹಿರಿಯರು ಅತ್ತದ್ದಿಲ್ಲ.

ಕಡಲ ತಳದಲ್ಲಿ ಹಾಸಿದ ಪ್ರತಿ ಕಿಲೋಮೀಟರಿಗೂ ಕಾವಲು ನಿಲ್ಲಿಸಲು ಯಾವ ದೇಶಕ್ಕೂ ಆಗದು. ರೈಸರ್‌ಗಳಿಗೆ ಕವಚ ಹಾಕಬಹುದು, ಆನೋಡ್‌ಗಳನ್ನು ಕಾಲಕಾಲಕ್ಕೆ ನೋಡಬಹುದು, ಕೊಳವೆಯ ಮೇಲೆ ಲಂಗರು ಹಾಕುವ ಹಡಗನ್ನು ರಡಾರ್‌ನಲ್ಲಿ ಹಿಡಿಯಬಹುದು. ಇಷ್ಟಾಗಿಯೂ ಒಂದು ದಿನ ಎಲ್ಲೋ ಒಂದು ಕೊಳವೆ ಒಡೆಯುತ್ತದೆ. ಆ ದಿನ ದೇಶದ ಗೊಬ್ಬರ ಕಾರ್ಖಾನೆಗಳು ಎಷ್ಟು ದಿನ ನಡೆಯುತ್ತವೆ, ನಗರಗಳ ಒಲೆ ಎಷ್ಟು ದಿನ ಉರಿಯುತ್ತದೆ ಎಂಬುದನ್ನು ಕೊಳವೆಯ ಉದ್ದ ತೀರ್ಮಾನಿಸುವುದಿಲ್ಲ, ದಾಸ್ತಾನು ತೀರ್ಮಾನಿಸುತ್ತದೆ. ಕಲಬುರಗಿಯ ಮನೆಗಳಿಗೆ ಅನಿಲದ ಮೀಟರ್ ಬರುವ ಹೊತ್ತಿಗೆ, ಜಿಲ್ಲೆಯ ಜನಪ್ರತಿನಿಧಿಗಳು ಸಂಪರ್ಕಗಳ ಸಂಖ್ಯೆ ಕೇಳುವುದರ ಜತೆಗೆ, ದೇಶದ ಮೊದಲ ಅನಿಲ ಸಂಗ್ರಹಾಗಾರಕ್ಕೆ ಗುದ್ದಲಿ ಬೀಳುವುದು ಯಾವಾಗ ಎಂದೂ ದಿಲ್ಲಿಯನ್ನು ಕೇಳಬೇಕು.