ಬುಲೆಟ್ ಗೇರಿನ ಪಾಠ: ಹೊಸ ವಿಮಾನದಲ್ಲಿ ಹಳೇ ಅಭ್ಯಾಸ ಏಕೆ ಅಪಾಯ?

ಹೊಳೆನರಸೀಪುರ, ಅರಕಲಗೂಡು ಕಡೆ ಐವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ: ಯೆಜ್ಡಿ ಓಡಿಸಿ ರೂಢಿಯಾದವನು ಮೊದಲ ಸಲ ಹಳೇ ಬುಲೆಟ್ ಹತ್ತಿದರೆ ಏನಾಗುತ್ತಿತ್ತು? ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಹಳೇ ಬುಲೆಟ್ಟಿನಲ್ಲಿ ಉಲ್ಟಾ. ಖಾಲಿ ರಸ್ತೆಯಲ್ಲಿ ಯೋಚನೆ ಮಾಡಿಕೊಂಡು ಓಡಿಸಬಹುದು. ತಿರುವಿನಲ್ಲಿ ದಿಢೀರನೆ ಎಮ್ಮೆ ಅಡ್ಡ ಬಂತು ಅನ್ನಿ, ಯೋಚನೆಗೆ ಸಮಯವಿಲ್ಲ. ಬಲಗಾಲು ತಾನಾಗಿ ಬ್ರೇಕು ಒತ್ತಲು ಹೋಗುತ್ತದೆ. ಅಲ್ಲಿರುವುದು ಗೇರು.

ಆ ಸವಾರನಿಗೆ ಬೈಕ್ ಓಡಿಸಲು ಬರಲ್ಲ ಅಂತಲ್ಲ. ಚೆನ್ನಾಗಿಯೇ ಬರುತ್ತದೆ, ಆದರೆ ಬೇರೆ ಬೈಕು. ಸಣ್ಣ ವಿಮಾನಗಳ ವಿಷಯದಲ್ಲೂ ಇದೇ ಆಗುತ್ತದೆ. ವ್ಯತ್ಯಾಸ ಒಂದೇ: ಅಲ್ಲಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಲು ರಸ್ತೆ ಬದಿ ಇರುವುದಿಲ್ಲ.

ಈ ಮಾತು ಹಾಸನಕ್ಕೆ ಏಕೆ ಬೇಕು? ಬೂವನಹಳ್ಳಿಯಲ್ಲಿ 2007ರಲ್ಲಿ ಅಡಿಗಲ್ಲು ಬಿದ್ದ ವಿಮಾನ ನಿಲ್ದಾಣದ ಕೆಲಸ ವರ್ಷಗಟ್ಟಲೆ ನಿಂತು, 2021ರಲ್ಲಿ ಮತ್ತೆ ಶುರುವಾಯಿತು. ನಮ್ಮಲ್ಲಿ ಚರ್ಚೆಯೆಲ್ಲ ರನ್‌ವೇ ಉದ್ದ, ಜಮೀನು, ಉದ್ಘಾಟನೆ ಯಾವಾಗ ಎಂಬುದರ ಸುತ್ತಲೇ. ಇತ್ತ ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಕಥೆ ಕೇಳಿ ಬೆಳೆದ ಹುಡುಗ ಹುಡುಗಿಯರಿಗೆ ಪೈಲಟ್ ಆಗುವುದು ಈಗ ದೂರದ ಕನಸಲ್ಲ. ಜಕ್ಕೂರು, ಮೈಸೂರು, ಕಲಬುರಗಿ, ಬೆಳಗಾವಿಯಲ್ಲಿ ತರಬೇತಿ ಶಾಲೆಗಳಿವೆ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟ ಬೇಕು. ಚನ್ನರಾಯಪಟ್ಟಣದಲ್ಲಿ ತೆಂಗಿನ ತೋಟ ಅಡವಿಟ್ಟು ಮಗನನ್ನು ಕಳಿಸುವ ತಂದೆಯೊಬ್ಬರು ಆ 200ರ ಲೆಕ್ಕ ಕೇಳುತ್ತಾರೆ. ಆ ಗಂಟೆಗಳು ಯಾವ ವಿಮಾನದ್ದು ಅಂತ ಕೇಳುವುದಿಲ್ಲ. ಕೇಳಬೇಕು.

ಏಕೆಂದರೆ ಲಾಗ್‌ಬುಕ್ಕಿನ ಒಟ್ಟು ಗಂಟೆ ನಿಮ್ಮನ್ನು ಕಾಪಾಡುತ್ತದೆ ಅನ್ನುವ ನಂಬಿಕೆ ಪೂರ್ತಿ ನಿಜವಲ್ಲ. ಅಮೆರಿಕದ ಗಾಯಕ ಜಾನ್ ಡೆನ್ವರ್ ಅವರನ್ನೇ ನೋಡಿ. 2,700ಕ್ಕೂ ಹೆಚ್ಚು ಗಂಟೆ ಹಾರಿಸಿದ್ದವರು. 1997ರ ಅಕ್ಟೋಬರ್ 12ರಂದು, ಆಗಷ್ಟೇ ಕೊಂಡಿದ್ದ ಲಾಂಗ್-ಇಝೆಡ್ ಎಂಬ ಎರಡು ಸೀಟಿನ ವಿಮಾನ ಹಾರಿಸುವಾಗ ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ನಲ್ಲಿಯನ್ನು ಆ ವಿಮಾನ ಕಟ್ಟಿದವರು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಲು ಮೈ ಹಿಂದಕ್ಕೆ ಹೊರಳಿಸಬೇಕು. ಹಾಗೆ ಹೊರಳುವಾಗ ಬಲಗಾಲು ರಡ್ಡರ್ ಪೆಡಲನ್ನು ತಿಳಿಯದೇ ಒತ್ತಿ ವಿಮಾನ ಹಿಡಿತ ತಪ್ಪಿತು ಅಂತ ತನಿಖೆ ಹೇಳಿತು. ಹೊರಡುವ ಮೊದಲು ಇಂಧನ ತುಂಬಿಸದಿದ್ದದ್ದು, ಹೊಸ ವಿಮಾನಕ್ಕೆ ಬೇಕಾದಷ್ಟು ತರಬೇತಿ ಪಡೆಯದಿದ್ದದ್ದು, ಆ ಮಾದರಿಯಲ್ಲಿ ಅನುಭವ ಇಲ್ಲದಿದ್ದದ್ದು ಕೂಡ ಕಾರಣಗಳ ಪಟ್ಟಿಯಲ್ಲಿವೆ.

ಇದು ಯಾರೋ ಮನೆಯಲ್ಲಿ ಕಟ್ಟಿದ ವಿಚಿತ್ರ ವಿಮಾನ, ನಮ್ಮ ತರಬೇತಿ ಶಾಲೆಗೂ ಅದಕ್ಕೂ ಏನು ಸಂಬಂಧ ಅನ್ನಬೇಡಿ. ಸೆಸ್ನಾ 172ರಲ್ಲಿ ರೆಕ್ಕೆ ಮೇಲಿದೆ. ಟ್ಯಾಂಕ್ ರೆಕ್ಕೆಯಲ್ಲಿರುವುದರಿಂದ ಇಂಧನ ತಾನಾಗಿ ಕೆಳಗೆ ಇಳಿದು ಬರುತ್ತದೆ. ನಲ್ಲಿಯನ್ನು 'ಎರಡೂ ಟ್ಯಾಂಕ್' ಎಂಬ ಜಾಗದಲ್ಲಿಟ್ಟರೆ ಮುಗಿಯಿತು. ಪೈಪರ್ ಚೆರೋಕಿಯಲ್ಲಿ ರೆಕ್ಕೆ ಕೆಳಗಿದೆ. ಇಂಧನವನ್ನು ಪಂಪು ಮೇಲಕ್ಕೆ ಎತ್ತಬೇಕು. ನಲ್ಲಿಗೆ ಎಡ, ಬಲ ಮಾತ್ರ ಇವೆ, 'ಎರಡೂ' ಇಲ್ಲ. ಸೆಸ್ನಾದಲ್ಲಿ ಕಲಿತವನು ಚೆರೋಕಿಯಲ್ಲಿ ಟ್ಯಾಂಕ್ ಬದಲಿಸುವುದನ್ನೇ ಮರೆತರೆ, ಒಂದು ಕಡೆ ಟ್ಯಾಂಕ್ ಅರ್ಧ ತುಂಬಿದ್ದರೂ ಎಂಜಿನ್ ನಿಂತುಹೋಗಬಹುದು.

ಇನ್ನೊಂದು ವೇಗದ್ದು. ರೆಕ್ಕೆ ಗಾಳಿಗೆ ತೀರಾ ಕಡಿದಾದ ಕೋನದಲ್ಲಿ ನಿಂತರೆ, ಅದರ ಮೇಲೆ ಹರಿಯುವ ಗಾಳಿ ಕಿತ್ತುಹೋಗಿ ವಿಮಾನ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಕೆಲವು ವಿಮಾನ ಮೊದಲೇ ನಡುಗಿ ಎಚ್ಚರಿಸುತ್ತವೆ. ಇನ್ನು ಕೆಲವು ಒಂದು ರೆಕ್ಕೆಯನ್ನು ಥಟ್ಟನೆ ಕೆಳಗೆ ಹಾಕುತ್ತವೆ. ಜೊತೆಗೆ ಕೆಲವು ಹಳೇ ವಿಮಾನಗಳಲ್ಲಿ ವೇಗದ ಮೀಟರು ಮೈಲಿಯಲ್ಲಿರುತ್ತದೆ, ಉಳಿದವುಗಳಲ್ಲಿ ನಾಟ್‌ನಲ್ಲಿ. 70 ಮೈಲಿ ಅಂದರೆ ಸುಮಾರು 61 ನಾಟ್. 70 ನಾಟ್ ಅಂತ ತಲೆಯಲ್ಲಿಟ್ಟುಕೊಂಡು ಮುಳ್ಳನ್ನು ಮೈಲಿಯ 70ಕ್ಕೆ ತಂದವನು 9 ನಾಟ್ ನಿಧಾನವಾಗಿ ಇಳಿಯುತ್ತಿರುತ್ತಾನೆ, ಅದೂ ನೆಲದ ಹತ್ತಿರ.

ಅಪರಿಚಿತ ಯಂತ್ರ ಎಂಥ ನುರಿತವರನ್ನೂ ಬಿಡುವುದಿಲ್ಲ. ಬೆಂಗಳೂರಿನಲ್ಲೇ ಎರಡು ಉದಾಹರಣೆಗಳಿವೆ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ಎಚ್‌ಎಎಲ್ ರನ್‌ವೇಗೂ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 92 ಜನ ಸತ್ತರು. ದೊಡ್ಡ ವಿಮಾನ, ನಿಜ. ಆದರೆ ಆ ಮಾದರಿ ಸಂಸ್ಥೆಗೆ ಬಂದು ವರ್ಷ ತುಂಬಿರಲಿಲ್ಲ. ಎಂಜಿನ್ ಕನಿಷ್ಠ ಶಕ್ತಿಯಲ್ಲಿದೆ, ವೇಗ ಬೀಳುತ್ತಿದೆ ಎಂಬುದು ಪೈಲಟ್‌ಗಳ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ಎ320ರಲ್ಲಿ ಕಂಪ್ಯೂಟರ್ ಶಕ್ತಿ ಬದಲಿಸಿದರೂ ಥ್ರಾಟಲ್ ಲಿವರ್ ಅಲುಗುವುದಿಲ್ಲ. ಲಿವರ್ ಅಲುಗುವ ವಿಮಾನಗಳಲ್ಲಿ ಕೈಗೆ ಸಿಗುತ್ತಿದ್ದ ಸುಳಿವು ಇಲ್ಲಿ ಸಿಗುವುದಿಲ್ಲ.

ಎರಡನೆಯದು 'ಸಾರಸ್'. ಎನ್‌ಎಎಲ್ ರೂಪಿಸಿದ ಈ ಸಣ್ಣ ವಿಮಾನದ ಎರಡನೇ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಸಮೀಪದ ಶೇಷಗಿರಿಹಳ್ಳಿ ಬಳಿ ಬಿತ್ತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಹಾರಾಟದಲ್ಲೇ ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ವಿನ್ಯಾಸಕರು ಕೊಟ್ಟ ಕ್ರಮವೇ ತಪ್ಪಾಗಿತ್ತು, ಎತ್ತರವೂ ಸಾಲದಾಗಿತ್ತು ಅಂತ ತನಿಖೆ ಹೇಳಿತು. ಅವರು ಪರೀಕ್ಷಾ ಹಾರಾಟಕ್ಕೆಂದೇ ತಯಾರಾದವರು. ಇಲ್ಲಿ ಅವರ ಅಭ್ಯಾಸ ತಪ್ಪಲಿಲ್ಲ. ಆ ವಿಮಾನವನ್ನು ಇನ್ನೂ ಯಾರೂ ಪೂರ್ತಿ ಅರಿತಿರಲಿಲ್ಲ, ಅಷ್ಟೇ.

ಇದಕ್ಕೆ ನಮ್ಮ ಊರಿನ ಎತ್ತರವನ್ನೂ ಸೇರಿಸಿ. ಹಾಸನ ಸಮುದ್ರಮಟ್ಟದಿಂದ ಸುಮಾರು 3 ಸಾವಿರ ಅಡಿ ಮೇಲಿದೆ. 35 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ 6 ಸಾವಿರ ಅಡಿ ಎತ್ತರದಲ್ಲಿದ್ದಂತೆ. ಎಂಜಿನ್ ಸೋಲುತ್ತದೆ, ಮೇಲೇರಲು ಹೆಚ್ಚು ರನ್‌ವೇ ಬೇಕಾಗುತ್ತದೆ. ಕರಾವಳಿಯಲ್ಲಿ ಕಲಿತವನಿಗೆ ತನ್ನದೇ ವಿಮಾನ ಇಲ್ಲಿ ಹೊಸದೆನಿಸುತ್ತದೆ.

ಪರಿಹಾರ ದುಬಾರಿಯಲ್ಲ. ಹೊಸ ಮಾದರಿಯಲ್ಲಿ ಹಾರುವ ಮೊದಲು ನೆಲದ ಮೇಲೆ ಒಂದು ಗಂಟೆ ಕಾಕ್‌ಪಿಟ್ಟಿನಲ್ಲಿ ಕೂತು, ಕಣ್ಣು ಮುಚ್ಚಿ ಪ್ರತಿ ಲಿವರ್, ನಲ್ಲಿ, ಸ್ವಿಚ್ಚು ಮುಟ್ಟಿ ಹೇಳುವಂತಾಗಬೇಕು. ಕೈಪಿಡಿಯ ವೇಗಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮೊದಲ ಹಾರಾಟಗಳು ಅದೇ ಮಾದರಿ ಬಲ್ಲ ಶಿಕ್ಷಕರ ಜೊತೆ ಆಗಬೇಕು. ಸಾಕಷ್ಟು ಎತ್ತರದಲ್ಲಿ ಸ್ಟಾಲ್ ಮಾಡಿಸಿ ನೋಡಬೇಕು. ಟ್ಯಾಂಕ್ ತುಂಬಿರಬೇಕು, ಗೆಳೆಯರನ್ನು ಕೂರಿಸಿಕೊಳ್ಳಬಾರದು.

ಪೋಷಕರು ಶಾಲೆಯನ್ನು ಕೇಳಬೇಕಾದ್ದು ಇಷ್ಟೇ: ಒಂದು ವಿಮಾನ ರಿಪೇರಿಗೆ ಹೋದಾಗ ನನ್ನ ಮಗಳನ್ನು ಬೇರೆ ಮಾದರಿಗೆ ಹತ್ತಿಸುತ್ತೀರಾ? ಹತ್ತಿಸಿದರೆ, ಒಂಟಿಯಾಗಿ ಬಿಡುವ ಮೊದಲು ಆ ಮಾದರಿಯಲ್ಲಿ ಎಷ್ಟು ಗಂಟೆ ಕಲಿಸುತ್ತೀರಿ? ಸ್ಪಷ್ಟ ಉತ್ತರ ಬಾರದಿದ್ದರೆ ಫೀಸು ಕಟ್ಟುವ ಮೊದಲು ಇನ್ನೊಂದು ಸಲ ಯೋಚಿಸಿ.