ಹಳೇಬೀಡಿನಲ್ಲಿ ಬೀಡು ಎಲ್ಲಿದೆ?

ಹಳೇಬೀಡಿಗೆ ಆ ಹೆಸರು ಬಂದದ್ದು ಗುಡಿಯಿಂದಲ್ಲ. ಬೀಡು ಎಂದರೆ ಅರಸ ಪರಿವಾರ ಸಮೇತ ನೆಲೆಸಿದ ಜಾಗ. ಅದು ಪಾಳುಬಿದ್ದ ಮೇಲೆ ಹಳೆಯ ಬೀಡಾಯಿತು. ಊರಿನ ಹೆಸರು ಅರಮನೆಯನ್ನು ನೆನೆಯುತ್ತಿದ್ದರೂ ಬಂದವರು ಹೊಯ್ಸಳೇಶ್ವರನ ಗುಡಿಯನ್ನು ಸುತ್ತಿ ಬೇಲೂರಿನ ದಾರಿ ಹಿಡಿಯುತ್ತಾರೆ. ಹಳೆಯ ಕೋಟೆಯೊಳಗೆ ಬೆಣ್ಣೆಗುಡ್ಡವೆಂಬ ದಿಬ್ಬವಿದೆ. ಹೊಯ್ಸಳರ ಅರಮನೆ ಇದ್ದದ್ದು ಅಲ್ಲೇ ಎಂಬ ನಂಬಿಕೆಯಿದೆ. ಅದನ್ನು ಹತ್ತದೆ ಹೋದವರು ಹೊಯ್ಸಳರ ರಾಜಧಾನಿ ದೋರಸಮುದ್ರವನ್ನು, ಅಂದರೆ ಅಂದಿನ ಹಳೇಬೀಡನ್ನು, ಅರ್ಧವಷ್ಟೇ ಕಂಡಂತೆ.

ಅಲ್ಲಿ ನೋಡಲು ಏನಿದೆ ಎಂದು ಕೇಳುವವರಿದ್ದಾರೆ. ಕೇಳುವುದು ಸಹಜವೇ. ಕಂಬವಿಲ್ಲ, ಶಿಲಾಬಾಲಿಕೆಯಿಲ್ಲ; ಕಲ್ಲಿನ ತಳಪಾಯ, ಮಣ್ಣು, ಪೊದೆ. ಆದರೆ ಆ ಬರಿದುತನವೇ ಒಂದು ಸಾಕ್ಷಿ. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದವನು, ಅರಸೀಕೆರೆಯ ಶಿವಾಲಯ 1220ರದು. ಎರಡೂ ಇಂದಿಗೂ ನಿಂತಿರುವುದು ಬಳಪದ ಕಲ್ಲಿನ ಬಲದಿಂದ. ಅರಮನೆಗಳಿಗೆ ನಮ್ಮ ನಾಡು ಬಹುಕಾಲ ಬಳಸಿದ್ದು ಮರ, ಇಟ್ಟಿಗೆ, ಮಣ್ಣು. ಹಂಪಿಯ ಮಹಾನವಮಿ ದಿಬ್ಬವನ್ನೇ ನೋಡಿ: ಕೆತ್ತನೆಯ ಕಲ್ಲಿನ ಜಗಲಿ ಉಳಿದಿದೆ, ಅದರ ಮೇಲಿದ್ದ ಮರದ ಮಂಟಪ ಮಾಯವಾಗಿದೆ. ಉಳಿದದ್ದನ್ನಷ್ಟೇ ನೋಡಿ ಹೊಯ್ಸಳರೆಂದರೆ ಗುಡಿ ಕಟ್ಟಿದವರು ಎಂದು ತೀರ್ಮಾನಿಸಿದರೆ, ಯಾವ ಸಾಮಗ್ರಿ ಬಾಳಿಕೆ ಬಂತೆಂಬುದನ್ನೇ ಇತಿಹಾಸವೆಂದು ಓದಿದಂತಾಗುತ್ತದೆ. ಕೋಟೆಗೋಡೆಯ ತುಣುಕು, ದೊಡ್ಡಕೆರೆ, ಹುಲಿಕೆರೆಯ ಕಲ್ಯಾಣಿ, ಬಸದಿಗಳು ಇವನ್ನೆಲ್ಲ ಗುಡ್ಡದೊಂದಿಗೆ ಸೇರಿಸಿ ನೋಡಿದಾಗಲೇ ಇಲ್ಲಿ ಒಂದು ರಾಜಧಾನಿ ಬಾಳಿತ್ತೆಂದು ಮನಸ್ಸಿಗೆ ತಟ್ಟುತ್ತದೆ. ಹೊಯ್ಸಳೇಶ್ವರದ ಬಳಿಯ ಗರುಡಗಂಬವೂ ಆ ಅರಮನೆಯ ಮಾತನ್ನೇ ಆಡುತ್ತದೆ. ಹೊಯ್ಸಳ ಅರಸ ಎರಡನೆಯ ಬಲ್ಲಾಳ ತೀರಿಕೊಂಡಾಗ ಅವನೊಂದಿಗೆ ಪ್ರಾಣ ತೆತ್ತ ಅಂಗರಕ್ಷಕ ಕುವರ ಲಕ್ಷ್ಮನ ನೆನಪು ಅದು.

ಅರಮನೆಯನ್ನು ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರನೇ ನಾಶಮಾಡಿದ, ಇನ್ನು ಬೇರೆ ವಿವರಣೆ ಏಕೆ ಎನ್ನಬಹುದು. 1311ರ ದಾಳಿ ನಿಜ, 1327ರ ಸುಮಾರಿನ ತುಘಲಕ್ ಸೈನ್ಯದ ಹೊಡೆತವೂ ನಿಜ. ಆದರೆ ಮೊದಲ ದಾಳಿಯಲ್ಲಿ ಮೂರನೆಯ ಬಲ್ಲಾಳ ಸಂಪತ್ತು ಒಪ್ಪಿಸಿ ರಾಜ್ಯ ಉಳಿಸಿಕೊಂಡಿದ್ದ; ನೆಲೆಯನ್ನು ತಿರುವಣ್ಣಾಮಲೆಯತ್ತ ಬದಲಿಸಿದ್ದು ಆಮೇಲೆ. ಆ ಪೆಟ್ಟುಗಳನ್ನು ಉಂಡ ಊರಿನಲ್ಲೇ ಹೊಯ್ಸಳೇಶ್ವರ ನಿಂತಿದೆ. ಅರಸನಿಲ್ಲದ ಮನೆಯ ಮಾಡನ್ನು ವರ್ಷವರ್ಷ ಯಾರು ಹೊದಿಸುತ್ತಾರೆ? ದಾಳಿ ಆರಂಭಿಸಿದ್ದನ್ನು ಮಳೆಗಾಲಗಳು ಮುಗಿಸಿರಬೇಕು.

ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅದು ಸಂತೋಷದ ಸಂಗತಿ; ಬೆಣ್ಣೆಗುಡ್ಡಕ್ಕೂ ಅಂಥದೇ ಕಾಳಜಿ ಸಿಗಬೇಕು. ಗುಡಿಯ ಶಿಲ್ಪವೊಂದು ಕಾಣೆಯಾದರೆ ಮರುದಿನವೇ ಸುದ್ದಿಯಾಗುತ್ತದೆ. ಗುಡ್ಡದ ತಳಪಾಯದಿಂದ ಒಂದು ಕಲ್ಲು ಹೊಲದ ಬದುವಿಗೆ ಹೋದರೆ ಯಾರಿಗೂ ತಿಳಿಯದು. ಅರಮನೆಯ ಕೋಣೆ ಎಲ್ಲಿತ್ತು, ಅಂಗಳ ಎಷ್ಟಗಲವಿತ್ತು ಎಂದು ತೋರಿಸಲು ಆ ಕಲ್ಲುಸಾಲುಗಳನ್ನು ಬಿಟ್ಟು ಬೇರೆ ನಕ್ಷೆಯಿಲ್ಲ.